ಋತು, ಋಣ ಮತ್ತು ಒಂದು ಜಪಾನೀ ಊಟ

(ಸಂಘದ ತಿಂಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಪರಿಷ್ಕೃತ ರೂಪ)



ಈ ವೇದಿಕೆಯಿಂದ ವಚನ ಸಾಹಿತ್ಯದ ಬಗ್ಗೆ, ಗಡಿ ಸಮಸ್ಯೆಯ ಬಗ್ಗೆ, ನದಿ ನೀರಿನ ಹಂಚಿಕೆಯ ಬಗ್ಗೆ ಬಲ್ಲವರು ಮಾತನಾಡಿದ್ದಾರೆ. ಅಂಥ ಕಡೆ ನಿಂತು ಊಟದ ಬಗ್ಗೆ, ಅದೂ ಪರದೇಶದ ಊಟವೊಂದರ ಬಗ್ಗೆ ಮಾತನಾಡಹೊರಟಿರುವ ನನ್ನ ಧಾರ್ಷ್ಟ್ಯವನ್ನು ತಾವು ಮನ್ನಿಸಬೇಕು. ಕಾರ್ಯದರ್ಶಿಗಳು ವಿಷಯ ಯಾವುದೆಂದು ಕೇಳಿದಾಗ 'ಜಪಾನಿನ ಕಾಯ್ಸೆಕಿ ಭೋಜನ' ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, 'ಸಭೆ ಮುಗಿದ ಮೇಲೆ ನಮ್ಮಲ್ಲಿ ಉಪ್ಪಿಟ್ಟು, ಕೇಸರಿಬಾತು ಸಾರ್, ಪರವಾಗಿಲ್ಲವಷ್ಟೆ?' ಎಂದರು. ಪರವಾಗಿಲ್ಲ. ಆದರೆ ನನ್ನ ಮಾತು ಕೇವಲ ರುಚಿಯದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

2018ರ ಅಕ್ಟೋಬರಿನಲ್ಲಿ ಐವರು ಅಧಿಕಾರಿಗಳ ತಂಡವೊಂದರ ಹಿರಿಯನಾಗಿ ನಾನು ಜಪಾನಿಗೆ ಹೋಗಿದ್ದೆ. ಕ್ಯೋಟೋ ನಗರದಲ್ಲಿ ನಾಲ್ಕು ದಿನದ ಕೆಲಸವಿತ್ತು. ಎರಡನೆಯ ದಿನ ಸಂಜೆ, ನಮ್ಮ ಇಲಾಖೆಯ ಟೆಂಡರೊಂದರಲ್ಲಿ ಪಾಲ್ಗೊಳ್ಳುವ ಉದ್ದೇಶವಿದ್ದ ಕಂಪನಿಯೊಂದರ ಪ್ರತಿನಿಧಿಗಳು ಬಂದು, ತಂಡವನ್ನೆಲ್ಲ ರಾತ್ರಿಯೂಟಕ್ಕೆ ಕರೆದರು. ಕರೆದ ರೀತಿಯಲ್ಲಿ ಲೇಶಮಾತ್ರವೂ ಕೊಂಕಿರಲಿಲ್ಲ. ನಮ್ಮ ದುಭಾಷಿ, ಅರವತ್ತು ದಾಟಿದ ಗೌರವಸ್ಥ ಮಹಿಳೆ, ಆ ಮನೆಯ ಹೆಸರು ಕೇಳಿದೊಡನೆ ಕಣ್ಣರಳಿಸಿದರು. ಅಲ್ಲಿ ಒಂದು ಎಲೆಗೆ, ನಮ್ಮ ಮಾತಿನಲ್ಲಿ ಹೇಳುವುದಾದರೆ, ಮೂವತ್ತು ಸಾವಿರ ಯೆನ್ನಿಗೆ ಕಡಿಮೆಯಿಲ್ಲವೆಂದು ಆಮೇಲೆ ತಿಳಿಸಿದರು. ಅಂದಿನ ದರದಲ್ಲಿ ಹತ್ತೊಂಬತ್ತು, ಇಪ್ಪತ್ತು ಸಾವಿರ ರೂಪಾಯಿ.

ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಈ ಸಭೆಯಲ್ಲಿರುವ ಅನೇಕರಿಗೆ ಕಂಠಪಾಠವಾಗಿರಬಹುದು. 13ನೆಯ ನಿಯಮ ಕಾಣಿಕೆಗಳನ್ನು ಕುರಿತದ್ದು. ಸಾಂದರ್ಭಿಕವಾದ ಒಂದು ಊಟ, ವಾಹನದಲ್ಲಿ ಒಂದಿಷ್ಟು ದೂರ ಕರೆದೊಯ್ಯುವುದು, ಇವು ಕಾಣಿಕೆಯಲ್ಲ ಎಂದು ಅದರ ಟಿಪ್ಪಣಿ ಹೇಳುತ್ತದೆ. ಮರುಟಿಪ್ಪಣಿಯಲ್ಲೇ, ಅಧಿಕೃತ ವ್ಯವಹಾರವುಳ್ಳವರಿಂದ ದುಂದಿನ ಆತಿಥ್ಯವನ್ನಾಗಲಿ ಪದೇ ಪದೇ ಆತಿಥ್ಯವನ್ನಾಗಲಿ ಪಡೆಯಬಾರದು ಎನ್ನುತ್ತದೆ. ಸಾಂದರ್ಭಿಕ ಎಲ್ಲಿ ಮುಗಿಯಿತು, ದುಂದು ಎಲ್ಲಿ ಶುರುವಾಯಿತು ಎಂಬುದನ್ನು ನಿಯಮ ಹೇಳುವುದಿಲ್ಲ; ಹೇಳಲಾರದು. ನಾನು ಕೈಮುಗಿದು ಬರುವುದಿಲ್ಲವೆಂದೆ. ಅವರು ತಲೆಬಾಗಿ ಹೊರಟುಹೋದರು. ನನ್ನ ಕಿರಿಯ ಸಹೋದ್ಯೋಗಿಗಳ ಮುಖ ಆ ರಾತ್ರಿ ನೋಡುವಂತಿರಲಿಲ್ಲ. ಕಾರಣವಿಷ್ಟೆ: ಬದುಕಿನಲ್ಲಿ ಒಮ್ಮೆ ಸಿಗುವ ಊಟವನ್ನು ನಾನು ಅವರ ಕೈಯಿಂದ ಕಿತ್ತುಕೊಂಡಿದ್ದೆ. ಹೋಟೆಲಿನ ಪಕ್ಕದ ಅಂಗಡಿಯಲ್ಲಿ ನೂಡಲ್ಸ್ ತಿಂದು ಮಲಗಿದೆವು.

ಹಾಗೆ ಕಿತ್ತುಕೊಂಡದ್ದಾದರೂ ಏನು? ಆ ಪ್ರಶ್ನೆಯೇ ನನ್ನನ್ನು ಕಾಯ್ಸೆಕಿಯ ಚರಿತ್ರೆಯತ್ತ ಒಯ್ದಿತು. ಜಪಾನೀ ಬರವಣಿಗೆಯಲ್ಲಿ ಈ ಉಚ್ಚಾರದ ಎರಡು ಪದಗಳಿವೆ. ಒಂದಕ್ಕೆ ಕೂಟದ ಭೋಜನ ಎಂದರ್ಥ. ಇನ್ನೊಂದರ ಅರ್ಥ 'ಮಡಿಲ ಕಲ್ಲು'. ಸಂಜೆ ಊಟವಿಲ್ಲದ ಝೆನ್ ಬೌದ್ಧ ಭಿಕ್ಷುಗಳು ಬಿಸಿ ಮಾಡಿದ ಕಲ್ಲನ್ನು ಬಟ್ಟೆಯೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡು ಹಸಿವನ್ನು ಮರೆಯುತ್ತಿದ್ದರಂತೆ. ಆ ಕಲ್ಲಿನಷ್ಟೇ ಸಮಾಧಾನ ಕೊಡುವ ಅಲ್ಪಾಹಾರ ಎಂಬ ಭಾವ. ಹೆಸರು ಬಳಕೆಗೆ ಬಂದದ್ದು ತಡವಾಗಿ. ಊಟದ ರೂಪ ಅದಕ್ಕಿಂತ ಹಳೆಯದು. ಹದಿನಾರನೆಯ ಶತಮಾನದಲ್ಲಿ ಬಾಳಿದ ಚಹಾಗುರು ಸೆನ್ ನೊ ರಿಕ್ಯೂ, ಚಹಾ ಕೂಟಕ್ಕೆ ಮುನ್ನ ಬಡಿಸುವ ಊಟವನ್ನು ಒಂದು ಸಾರು, ಮೂರು ಪದಾರ್ಥಗಳಿಗೆ ಇಳಿಸಿದ. ಬರಿಹೊಟ್ಟೆಯಲ್ಲಿ ಗಟ್ಟಿ ಚಹಾ ಕುಡಿದರೆ ಉರಿಯುತ್ತದೆ. ಹೊಟ್ಟೆ ತುಂಬಿದ್ದರೆ ಚಹಾ ರುಚಿಸುವುದಿಲ್ಲ. ಅಷ್ಟೇ ಲೆಕ್ಕ. ಅವನ ಚಹಾ ಕೋಣೆಯ ಬಾಗಿಲು ತೆವಳಿಕೊಂಡು ಹೋಗುವಷ್ಟು ಕಿರಿದು. ಸಮುರಾಯಿ ಕತ್ತಿಯನ್ನು ಹೊರಗಿಟ್ಟು ತಲೆ ತಗ್ಗಿಸಿಯೇ ಒಳಬರಬೇಕು. ಬಡಿಸುವವನು ಸ್ವತಃ ಮನೆಯ ಯಜಮಾನ. ಇದಕ್ಕೂ ಹಿಂದೆ, 1237ರಲ್ಲಿ, ದೋಗೆನ್ ಎಂಬ ಝೆನ್ ಗುರು ಮಠದ ಅಡುಗೆಯವನಿಗಾಗಿಯೇ ಒಂದು ಗ್ರಂಥ ಬರೆದಿದ್ದ. ಅಡುಗೆಯವನ ಹುದ್ದೆ ಮಠದ ಆರು ಪ್ರಮುಖ ಹುದ್ದೆಗಳಲ್ಲಿ ಒಂದಾಗಿತ್ತು. ಬೇರು ಅಲ್ಲಿದೆ.

ಆದರೆ ಇಂಥ ಬಡತನಕ್ಕೂ ಅಧಿಕಾರದ ಕಣ್ಣು ಬೀಳದಿರುವುದಿಲ್ಲ. ರಿಕ್ಯೂ ಸೇವೆ ಸಲ್ಲಿಸಿದ್ದು ಅಂದು ಜಪಾನನ್ನು ಒಂದುಗೂಡಿಸುತ್ತಿದ್ದ ತೊಯೊತೊಮಿ ಹಿದೆಯೋಷಿಗೆ. ರಿಕ್ಯೂವಿನದೆಂದು ಹೇಳಲಾಗುವ, ಇಂದಿಗೂ ಉಳಿದಿರುವ ಚಹಾ ಕೋಣೆಯ ವಿಸ್ತಾರ ಎರಡು ಚಾಪೆ. ಅದೇ ಹಿದೆಯೋಷಿ 1586ರಲ್ಲಿ ಚಕ್ರವರ್ತಿಯ ಮುಂದೆ ಹೂಡಿದ ಚಹಾ ಕೋಣೆ ಬಂಗಾರದ್ದು, ಕಳಚಿ ಸಾಗಿಸಬಹುದಾದದ್ದು. 1591ರಲ್ಲಿ ಒಡೆಯನ ಆಜ್ಞೆಯಂತೆ ರಿಕ್ಯೂ ಹೊಟ್ಟೆ ಸೀಳಿಕೊಂಡು ಸತ್ತ. ಕಾರಣಗಳ ಬಗ್ಗೆ ವಿದ್ವಾಂಸರು ಈಗಲೂ ವಾದಿಸುತ್ತಿದ್ದಾರೆ. ಮುಂದಿನ ಶತಮಾನಗಳಲ್ಲಿ ಚಹಾ ಮನೆಯ ಮಿತಾಹಾರದ ಋತುಪ್ರಜ್ಞೆಯೂ ಶ್ರೀಮಂತರ ಕೂಟದ ವೈಭವವೂ ಬೆರೆತು ಇಂದಿನ ಕಾಯ್ಸೆಕಿ ರೂಪುಗೊಂಡಿತು. ವ್ಯತ್ಯಾಸ ತಿಳಿಯಬೇಕಾದರೆ ಅನ್ನವನ್ನು ನೋಡಿ. ಚಹಾದ ಊಟದಲ್ಲಿ ಅನ್ನ, ಸಾರು ಮೊದಲೇ ಬರುತ್ತವೆ. ಕೂಟದ ಊಟದಲ್ಲಿ ಅನ್ನ ಬರುವುದು ಕಟ್ಟಕಡೆಗೆ. ಅಲ್ಲಿಯವರೆಗೆ ನಡೆಯುವುದು ಅಕ್ಕಿಯ ಮದ್ಯವಾದ ಸಾಕೆ, ಮತ್ತು ಮಾತು.

ಆ ಮಾತೇ ಮುಖ್ಯವಾಯಿತು. 'ರ್ಯೋತೆಯ್' ಎಂದು ಕರೆಯುವ ಇಂಥ ಭೋಜನಗೃಹಗಳಲ್ಲಿ ಒಂದು ಕೋಣೆಯವರು ಇನ್ನೊಂದು ಕೋಣೆಯವರ ಕಣ್ಣಿಗೆ ಬೀಳುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಟೋಕಿಯೋದ ಅಕಸಾಕಾ ಬಡಾವಣೆಯ ರ್ಯೋತೆಯ್‌ಗಳು ಪಕ್ಷಗಳ ಒಳಜಗಳ, ಒಪ್ಪಂದ, ಮಂತ್ರಿಪದವಿಗಳ ಹಂಚಿಕೆ ಇವುಗಳ ನೆಲೆಯಾಗಿದ್ದವು. ಸಂಸತ್ತಿಗಿಂತ ಮೊದಲು ಅಲ್ಲಿ ತೀರ್ಮಾನವಾಗುತ್ತಿತ್ತು ಎಂಬುದು ಅಲ್ಲಿನ ಲೋಕವಾರ್ತೆ. ಅಧಿಕಾರಿಗಳೂ ಹಿಂದೆ ಬೀಳಲಿಲ್ಲ. 1995ರಲ್ಲಿ ನಾಗರಿಕ ಕಾವಲು ಸಂಘಟನೆಗಳು ಪ್ರಾಂತ ಸರ್ಕಾರಗಳ ಲೆಕ್ಕಪತ್ರಗಳನ್ನು ಬಯಲಿಗೆಳೆದಾಗ, ಅನುದಾನ ತರಲು ಪ್ರಾಂತದ ಅಧಿಕಾರಿಗಳು ಕೇಂದ್ರದ ಅಧಿಕಾರಿಗಳಿಗೆ ಸಾರ್ವಜನಿಕರ ಹಣದಲ್ಲೇ ಔತಣ ನಡೆಸುತ್ತಿದ್ದುದು ತಿಳಿಯಿತು. 1998ರ ಜನವರಿಯಲ್ಲಿ ಹಣಕಾಸು ಸಚಿವಾಲಯದ ಮೇಲೆಯೇ ಸರ್ಕಾರಿ ಅಭಿಯೋಜಕರ ದಾಳಿಯಾಯಿತು. ಬ್ಯಾಂಕುಗಳ ಔತಣ ಉಂಡವರೇ ಆ ಬ್ಯಾಂಕುಗಳ ತಪಾಸಣೆಯ ಸುಳಿವು ಕೊಡುತ್ತಿದ್ದರೆಂಬುದು ಆರೋಪ. ಹಣಕಾಸು ಮಂತ್ರಿ ಹಿರೋಷಿ ಮಿತ್ಸುಜುಕಾ ರಾಜೀನಾಮೆ ಇತ್ತರು; ನೂರಕ್ಕೂ ಮಿಕ್ಕಿ ಅಧಿಕಾರಿಗಳ ಮೇಲೆ ಶಿಸ್ತುಕ್ರಮ ನಡೆಯಿತು. 1999ರಲ್ಲಿ ಸರ್ಕಾರಿ ಸೇವೆಯ ನೈತಿಕತೆಯ ಕಾನೂನು ಬಂತು. ಅದರ ನಿಯಮಗಳಲ್ಲಿ ಊಟದ ಲೆಕ್ಕವೇ ಇದೆ: ವ್ಯವಹಾರ ಸಂಬಂಧವುಳ್ಳವರೊಡನೆ ತನ್ನ ಪಾಲು ತಾನೇ ಕೊಟ್ಟು ಉಂಡರೂ, ಅದು ಹತ್ತು ಸಾವಿರ ಯೆನ್ ಮೀರುವುದಾದರೆ ಮುಂಚಿತವಾಗಿ ತಿಳಿಸಬೇಕು. ನಮ್ಮ 13ನೆಯ ನಿಯಮ ಹೇಳಲಾರದ ಗೆರೆಯನ್ನು ಅವರು ಅಂಕಿಯಲ್ಲಿ ಎಳೆದರು. ಎಳೆಯುವ ಮುನ್ನ ಬಹಳ ಅವಮಾನಪಟ್ಟಿದ್ದರು ಎಂಬುದೂ ನಿಜ.

ಇಷ್ಟು ಕೇಳಿ, ಇವನು ತನ್ನ ಪ್ರಾಮಾಣಿಕತೆಯ ತುತ್ತೂರಿ ಊದಲು ಬಂದಿದ್ದಾನೆಂದು ತಮಗೆ ಅನಿಸಬಹುದು. ಆದ್ದರಿಂದ ಇನ್ನೊಂದು ಊಟದ ಸಂಗತಿಯನ್ನೂ ಹೇಳಲೇಬೇಕು. 1994ರಲ್ಲಿ ನಾನು ಒಂದು ಮಹಾನಗರದ ಕ್ಷೇತ್ರ ಕಚೇರಿಯಲ್ಲಿ ಕಿರಿಯ ಅಧಿಕಾರಿಯಾಗಿದ್ದೆ. ಮದುವೆಯಾಗಿ ಎಂಟು ತಿಂಗಳು. ಗುತ್ತಿಗೆದಾರರೊಬ್ಬರು, ವಯಸ್ಸಿನಲ್ಲಿ ತಂದೆಯ ಸಮಾನರು, 'ಹೊಸ ದಂಪತಿಗಳು ನಮ್ಮೊಂದಿಗೆ ಉಣ್ಣಬೇಕು' ಎಂದು ಪಂಚತಾರಾ ಹೋಟೆಲಿಗೆ ಕರೆದರು. ನಾನಾಗಲಿ ನನ್ನ ಹೆಂಡತಿಯಾಗಲಿ ಅಂಥ ಹೋಟೆಲಿನ ಮೆಟ್ಟಿಲು ಹತ್ತಿದವರಲ್ಲ. ಹೋದೆವು, ಉಂಡೆವು. ಅವರು ಕೆಲಸದ ಮಾತು ಎತ್ತಲಿಲ್ಲ. ಮೂರು ವಾರದ ನಂತರ ಅವರ ಕಾಲಾವಧಿ ವಿಸ್ತರಣೆಯ ಕಡತ ನನ್ನ ಮೇಜಿಗೆ ಬಂತು. ಮಳೆಯಿಂದಾಗಿ ಕೆಲಸ ನಿಂತಿತ್ತು, ವಿಳಂಬ ದಂಡ ಮನ್ನಾ ಮಾಡಬೇಕು ಎಂಬುದು ಕೋರಿಕೆ. ಮಳೆ ಬಂದದ್ದು ನಿಜವೇ. ಆದರೆ ಬೇರೆ ಗುತ್ತಿಗೆದಾರರ ವಿಷಯದಲ್ಲಿ ನಾನು ಹವಾಮಾನ ಇಲಾಖೆಯಿಂದ ಮಳೆಯ ದಾಖಲೆ ತರಿಸಿ, ದಿನ ಎಣಿಸಿ ಬರೆಯುತ್ತಿದ್ದೆ. ಅಂದು ತರಿಸಲಿಲ್ಲ. 'ಶಿಫಾರಸು ಮಾಡಲಾಗಿದೆ' ಎಂದು ಬರೆದು ಸಹಿ ಹಾಕಿದೆ. ಯಾರೂ ಕೇಳಲಿಲ್ಲ. ಲೆಕ್ಕ ತಪಾಸಣೆಯವರ ಕಣ್ಣಿಗೂ ಬೀಳಲಿಲ್ಲ. ದಾಖಲೆ ತರಿಸಿದ್ದರೆ ದಿನಗಳ ಲೆಕ್ಕ ಸರಿಹೋಗುತ್ತಿತ್ತೋ ಏನೋ. ಆದರೆ ತರಿಸದಿರುವಂತೆ ಮಾಡಿದ್ದು ಆ ಊಟವೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದೆಂದು ಹೇಳಿಸಿಕೊಂಡು ಬೆಳೆದವರು ನಾವು. ಲಂಚವನ್ನು ನಿರಾಕರಿಸುವುದನ್ನು ಮನೆಯಲ್ಲಿ ಕಲಿಸಿದ್ದರು. ಅನ್ನದ ಋಣವನ್ನು ನಿರಾಕರಿಸುವುದನ್ನು ಯಾರೂ ಕಲಿಸಿರಲಿಲ್ಲ. ನಮ್ಮ ಒಳ್ಳೆಯ ಸಂಸ್ಕಾರವೇ ಅಲ್ಲಿ ನಮಗೆ ಎದುರಾಗಿ ನಿಲ್ಲುತ್ತದೆ.

ಮರುದಿನ ಬೆಳಿಗ್ಗೆ ದುಭಾಷಿಯವರು ನನ್ನ ಬಳಿ ಬಂದು, 'ನಿಮಗೆ ಆ ಊಟವೇ ಬೇಡವಾಗಿತ್ತೋ, ಅವರು ಕೊಡಿಸುವುದು ಬೇಡವಾಗಿತ್ತೋ?' ಎಂದು ಕೇಳಿದರು. ಎರಡನೆಯದು ಎಂದೆ. ಹಾಗಾದರೆ ಭಾನುವಾರ ಮಧ್ಯಾಹ್ನ ತಮಗೆ ಪರಿಚಯವಿರುವ ಚಿಕ್ಕ ಮನೆಯೊಂದರಲ್ಲಿ ಏರ್ಪಾಡು ಮಾಡುವೆ, ಅವರವರ ಪಾಲು ಅವರವರೇ ಕೊಡೋಣ ಎಂದರು. ಆ ಪದ್ಧತಿಗೆ ಅವರಲ್ಲಿ 'ವಾರಿಕನ್' ಎಂದೇ ಹೆಸರಿದೆ. ಮಧ್ಯಾಹ್ನದ ಊಟ ರಾತ್ರಿಯದರ ಅರ್ಧಕ್ಕಿಂತ ಅಗ್ಗ. ತಂಡದಲ್ಲಿ ಒಬ್ಬರು ಮಾತ್ರ ಬರುವೆನೆಂದರು, ರಾಜಸ್ಥಾನದ ಸಸ್ಯಾಹಾರಿಗಳು. ಉಳಿದವರು ಕ್ಯಾಮೆರಾ ಕೊಳ್ಳಲು ಹೋದರು, ಅವರನ್ನು ದೂರಲಾರೆ.

ಓಣಿಯೊಳಗಿನ ಹಳೆಯ ಮರದ ಮನೆ. ಹೊಸಿಲ ಮುಂದೆ ನೀರು ಚಿಮುಕಿಸಿದ್ದರು. ನಮ್ಮವರು ಬೆಳಗಾಗೆದ್ದು ಅಂಗಳಕ್ಕೆ ನೀರು ಹಾಕುವ ಹಾಗೆ. ಮನೆಯೊಡತಿ ಮಂಡಿಯೂರಿ ಬರಮಾಡಿಕೊಂಡರು. ಕೋಣೆಯಲ್ಲಿ ಒಂದು ಚಿತ್ರಪಟ, ಬಿದಿರ ಬುಟ್ಟಿಯಲ್ಲಿ ಒಂದೇ ಒಂದು ಕಾಡುಹೂವು. ಮೊದಲ ತಟ್ಟೆಯಲ್ಲಿ ಬಂದದ್ದು ಸೇವಂತಿಗೆಯ ಎಸಳುಗಳನ್ನು ಬೆರೆಸಿದ ಬೇಯಿಸಿದ ಸೊಪ್ಪು, ಎರಡು ತುತ್ತಿನಷ್ಟು. ಸೇವಂತಿಗೆ ಅಲ್ಲಿ ಶರದೃತುವಿನ ಹೂ. ಋತುವಿನ ವಿಷಯದಲ್ಲಿ ಅವರಿಗೆ ಮೂರು ಪದಗಳಿವೆ: ಹೊಸದಾಗಿ ಬಂದದ್ದು 'ಹಶಿರಿ', ತುಂಬಿ ನಿಂತದ್ದು 'ಶುನ್', ಹೊರಟು ನಿಂತದ್ದು 'ನಗೊರಿ'. ನಗೊರಿ ಎಂದರೆ ಅಗಲಿಕೆಯ ಹಳಹಳಿಕೆಯೂ ಹೌದು. ನಮ್ಮಲ್ಲಿ ಮೊದಲ ಮಾವಿಗೆ ಸಂಭ್ರಮವಿದೆ. ಕೊನೆಯ ಮಾವಿಗೆ ಪದವಿಲ್ಲ.

ಎರಡನೆಯದು ಮುಚ್ಚಳವಿರುವ ಅರಗಿನ ಬಟ್ಟಲು. ಕಾಯ್ಸೆಕಿಯ ಅಡುಗೆಯವನ ಯೋಗ್ಯತೆ ತಿಳಿಯುವುದು ಇದರಲ್ಲಿ ಎನ್ನುತ್ತಾರೆ. ಬಿಸಿಗೆ ಮುಚ್ಚಳ ಕಚ್ಚಿಕೊಂಡಿತ್ತು. ಬಟ್ಟಲಿನ ಅಂಚನ್ನು ಮೆಲ್ಲನೆ ಒತ್ತಬೇಕೆಂದು ದುಭಾಷಿಯವರು ತೋರಿಸಿದರು. ತೆರೆದೊಡನೆ ಪರಿಮಳ. ತಿಳಿಯಾದ ಸಾರಿನಲ್ಲಿ ಬಿಳಿಯ ಹೂವಿನಂತೆ ಅರಳಿದ ಒಂದು ತುಂಡು ಮೀನು, ಎರಡು ಸೀಳು ಅಣಬೆ, ಯೂಜು ಎಂಬ ನಿಂಬೆಜಾತಿಯ ಹಣ್ಣಿನ ಒಂದು ಚೂರು ಸಿಪ್ಪೆ. ಮೀನು ಹಾಮೊ, ಹಾವಿನಂತೆ ಉದ್ದನೆಯದು, ಕ್ಯೋಟೋದ ಬೇಸಗೆಯ ಮೀನು. ಸಮುದ್ರದಿಂದ ದೂರವಿರುವ ಆ ಊರಿಗೆ ಹಿಂದೆಲ್ಲ ಜೀವಸಹಿತ ಬರುತ್ತಿದ್ದ ಗಟ್ಟಿ ಮೀನು ಅದೊಂದೇ ಎಂದು ಹೇಳಿಕೆ. ಮೈತುಂಬ ಸಣ್ಣ ಮುಳ್ಳು. ತೆಗೆಯಲಾಗದು; ಆದ್ದರಿಂದ ಭಾರದ ಕತ್ತಿಯಿಂದ, ಚರ್ಮ ಮಾತ್ರ ಉಳಿಯುವಂತೆ, ಮೂರು ಸೆಂಟಿಮೀಟರಿನಲ್ಲಿ ಇಪ್ಪತ್ತನಾಲ್ಕು ಬಾರಿ ಕೊಯ್ಯಬೇಕು. ಬಿಸಿನೀರಿಗೆ ಬಿದ್ದೊಡನೆ ಅದು ಅರಳುತ್ತದೆ. ನಾನು ಕುಂದಾಪುರದ ಕಡೆಯವನು, ಮುಳ್ಳು ಬಿಡಿಸುವುದನ್ನು ನಡೆಯುವುದಕ್ಕಿಂತ ಮುಂಚೆ ಕಲಿತವನು. ಮುಳ್ಳನ್ನು ಹೀಗೆ ಮರೆಸುವ ಕೈಯನ್ನು ಕಂಡಿರಲಿಲ್ಲ.

ಅಣಬೆ ಮತ್ಸುತಾಕೆ, ಶರತ್ಕಾಲದ್ದು. ಹೊರಟು ನಿಂತ ಬೇಸಗೆಯ ಮೀನೂ ಬಂದು ನಿಂತ ಚಳಿಗಾಲದ ಮುನ್ಸೂಚನೆಯೂ ಒಂದೇ ಬಟ್ಟಲಿನಲ್ಲಿ ಸಂಧಿಸುವುದು ವರ್ಷದಲ್ಲಿ ಕೆಲವೇ ವಾರ. ಆ ಅಣಬೆಯನ್ನು ಕೃಷಿ ಮಾಡಲು ಇಂದಿಗೂ ಸಾಧ್ಯವಾಗಿಲ್ಲ. ಅದು ಕೆಂಪು ಪೈನ್ ಮರದ ಬೇರಿನಲ್ಲಿ, ತರಗೆಲೆ ಗುಡಿಸಿ ತೆಗೆದ ಬಡ ನೆಲದಲ್ಲಿ ಮಾತ್ರ ಏಳುತ್ತದೆ. 1941ರಲ್ಲಿ ಜಪಾನಿನ ಕಾಡುಗಳಿಂದ ಹನ್ನೆರಡು ಸಾವಿರ ಟನ್ ಬಂದಿತ್ತು. ಈಚಿನ ಅನೇಕ ವರ್ಷಗಳಲ್ಲಿ ನೂರು ಟನ್ನೂ ಇಲ್ಲ. ಹಳ್ಳಿಯವರು ಗ್ಯಾಸಿನ ಒಲೆಗೆ ತಿರುಗಿದರು, ಸೌದೆಗೂ ತರಗೆಲೆಗೂ ಕಾಡಿಗೆ ಹೋಗುವುದನ್ನು ಬಿಟ್ಟರು, ನೆಲ ಕೊಬ್ಬಿತು, ಪೈನ್ ಮರಗಳಿಗೆ ಹುಳುವಿನ ರೋಗವೂ ಬಂತು, ಅಣಬೆ ಹೋಯಿತು. ಬಡವರ ದುಡಿಮೆ ನಿಂತಿದ್ದರಿಂದ ಶ್ರೀಮಂತರ ತಟ್ಟೆ ದುಬಾರಿಯಾದ ಈ ವಿಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಾರಿನ ಜೀವಾಳ 'ದಾಶಿ'. ಕೊಂಬು ಎಂಬ ಸಮುದ್ರಪಾಚಿಯನ್ನು ಕುದಿಸದೆ ಹದವಾಗಿ ಬಿಸಿಮಾಡಿ, ಒಣಗಿಸಿ ಹೊಗೆ ಕೊಟ್ಟ ಬೊನಿಟೋ ಮೀನಿನ ಹೆರೆಗಳನ್ನು ಹಾಕಿ ಸೋಸಿದ ನೀರು. 1908ರಲ್ಲಿ ಕಿಕುನಾಎ ಇಕೆದಾ ಎಂಬ ರಸಾಯನಶಾಸ್ತ್ರಜ್ಞ ಕೊಂಬುವಿನಲ್ಲಿರುವ ಗ್ಲುಟಮೇಟನ್ನು ಗುರುತಿಸಿ, ಅದರ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟ. ನನ್ನ ರಾಜಸ್ಥಾನಿ ಮಿತ್ರರಿಗೆ ಮಾತ್ರ ಮೀನಿನ ಬದಲು ಒಣಗಿದ ಶಿಟಾಕೆ ಅಣಬೆಯ ದಾಶಿ, ಹಾಮೊ ಬದಲು ತೋಫು. ಮಠಗಳ ನಿರಾಮಿಷ ಅಡುಗೆಯ ಅಭ್ಯಾಸ ಆ ಊರಿಗೆ ಇರುವುದರಿಂದ, ಮೂರು ದಿನ ಮುಂಚೆ ತಿಳಿಸಿದ್ದಕ್ಕೆ ಯಾರೂ ಮುಖ ಸಿಂಡರಿಸಲಿಲ್ಲ. ಅವರು ಒಂದು ಗುಟುಕು ಕುಡಿದು, 'ಸಾಬ್, ಇದರಲ್ಲಿ ಏನೂ ಇಲ್ಲ' ಎಂದರು. ನಾಲ್ಕನೆಯ ಗುಟುಕಿಗೆ ಸುಮ್ಮನಾದರು.

ಹಸಿಮೀನಿನ ತಟ್ಟೆಗಳು ಬಂದಾಗ ನಾನು ಗೊಂದಲಗೊಂಡೆ. ಮೂವರಿಗೂ ಬೇರೆ ಬೇರೆ ಬಗೆಯ ಬಟ್ಟಲು. ನನ್ನದು ಒಡೆದು, ಅರಗಿನಿಂದ ಅಂಟಿಸಿ ಬಂಗಾರದ ಗೆರೆ ಎಳೆದದ್ದು. ಇಷ್ಟು ಹಣ ತೆಗೆದುಕೊಂಡು ಒಡಕು ಬಟ್ಟಲೇ ಎಂದುಕೊಂಡದ್ದೂ ಉಂಟು. ದುಭಾಷಿಯವರು ವಿವರಿಸಿದರು: ಚಹಾ ಪಂಥದವರಿಗೆ ಹೊಸ ಚಹಾದ ಜಾಡಿ ತೆರೆಯುವುದು ನವೆಂಬರಿನಲ್ಲಿ. ಅಕ್ಟೋಬರ್ ಎಂದರೆ ಜಾಡಿಯ ತಳದ ಚಹಾದ ತಿಂಗಳು, ನಗೊರಿಯ ತಿಂಗಳು. ಆಗ ಜೊತೆ ತಪ್ಪಿದ, ಬೆಸೆದ ಪಾತ್ರೆಗಳನ್ನೇ ಹುಡುಕಿ ತೆಗೆದು ಬಡಿಸುತ್ತಾರೆ.

ನಡುವಿನ ಕೆಲವನ್ನು ಹಾರಿಸುತ್ತೇನೆ. ಪೈನ್ ಎಸಳಿಗೆ ಪೋಣಿಸಿದ ಗಿಂಕೊ ಬೀಜ, ಗಾಳಿಗೆ ಒಂದೆಡೆ ಕೂಡಿದ ಎಲೆಗಳಂತೆ ಹರಡಿದ ಚೆಸ್ಟ್‌ನಟ್ ಮುಂತಾದ ಶೃಂಗಾರಗಳು ಕಣ್ಣಿಗೆ ಚೆನ್ನ, ನಾಲಿಗೆಗೆ ಅಷ್ಟೇನಿಲ್ಲ. ಅತಿ ಕುಶಲತೆಯೂ ಒಂದು ಬಗೆಯ ದುಂದೇ ಎಂದು ನನ್ನ ಎಣಿಕೆ. ಆದರೆ ಬೇಯಿಸಿದ ಒಂದು ಗಡ್ಡೆ ಬಂತು, ಸಣ್ಣದು, ಬೆಣ್ಣೆಯಂಥದು. ಸಾತೊಇಮೊ ಎಂದರು. ಒಂದು ತುತ್ತಿಗೇ ಗುರುತಾಯಿತು: ನಮ್ಮ ಕೆಸುವಿನ ಗಡ್ಡೆ. ಮಳೆಗಾಲದಲ್ಲಿ ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಬೆಳೆದು, ಬೇರೆ ತರಕಾರಿ ಇಲ್ಲದ ದಿನ ಅಮ್ಮ ಕಿತ್ತು ತರುತ್ತಿದ್ದುದು.

ಕಟ್ಟಕಡೆಗೆ ಮಣ್ಣಿನ ಪಾತ್ರೆಯಲ್ಲಿ ಅನ್ನ. ಮನೆಯೊಡತಿ ಮುಚ್ಚಳ ತೆಗೆದು ನಮಗೆ ತೋರಿಸಿ, 'ಶಿನ್‌ಮಾಯ್' ಎಂದರು. ಹೊಸ ಅಕ್ಕಿ, ಆ ತಿಂಗಳು ಕೊಯ್ದದ್ದು. ಜೊತೆಗೆ ಮಿಸೊ ಸಾರು, ಉಪ್ಪಿನಲ್ಲಿಟ್ಟ ತರಕಾರಿ. ಮತ್ತೇನೂ ಇಲ್ಲ. ನಮ್ಮೂರಲ್ಲಿ ತೆನೆ ತಂದು ಮನೆ ತುಂಬಿಸಿಕೊಂಡು 'ಹೊಸ್ತು' ಉಣ್ಣುವ ದಿನ, ಹಿರಿಯರ ಅನುಮತಿ ಕೇಳಿ ಮೊದಲ ತುತ್ತು ಎತ್ತುವ ಕ್ರಮವಿತ್ತು. ಮೂವತ್ತು ವರ್ಷಗಳಿಂದ ಈ ಮಹಾನಗರದಲ್ಲಿ ಪ್ಯಾಕೆಟಿನ ಅಕ್ಕಿ ಉಣ್ಣುತ್ತಿರುವ ನನಗೆ ಅದು ಯಾವ ತಿಂಗಳ ಬೆಳೆಯೆಂದು ಕೇಳಬೇಕೆಂದೇ ಹೊಳೆದಿರಲಿಲ್ಲ. ಅಭ್ಯಾಸಬಲದಿಂದ ನಾನು ದುಭಾಷಿಯವರತ್ತ ನೋಡಿದೆ. ಕೋಣೆಯಲ್ಲಿ ಹಿರಿಯರು ಅವರೇ. ಏನರ್ಥವಾಯಿತೋ, ಅವರು ತಲೆದೂಗಿದರು, ನಾನು ಉಂಡೆ. ಪಾತ್ರೆಯ ತಳದ ಸೀದ ಅನ್ನವನ್ನೂ ಕೆರೆದು ಹಂಚಿದರು, ಅದಕ್ಕೆ ನಾವು ಮೂವರೂ ಕೈಯೊಡ್ಡಿದೆವು. ಈ ಊಟವನ್ನು ಆ ಕಂಪನಿಯವರ ಜೊತೆ ಕುಳಿತು ಉಂಡಿದ್ದರೆ ಅನ್ನದ ರುಚಿ ಬೇರೆಯಾಗುತ್ತಿತ್ತೆಂದು ನಾನು ಹೇಳುವುದಿಲ್ಲ. ಅನ್ನಕ್ಕೇನು ಗೊತ್ತು? ಆದರೆ ನನ್ನ ಮನಸ್ಸು ಹೊಸ್ತಿನ ಕಡೆ ಹೋಗುತ್ತಿತ್ತೋ, ಊರಿಗೆ ಮರಳಿದ ಮೇಲೆ ತೆರೆಯಬೇಕಾದ ಟೆಂಡರಿನ ಕಡೆಯೋ, ಅದನ್ನು ಮಾತ್ರ ಬಲ್ಲೆ.

ಪಾಲಿಗೆ ಹನ್ನೆರಡು ಸಾವಿರ ಯೆನ್ ಬಂತು, ಸೇವಾಶುಲ್ಕ, ಎಂಟು ಶೇಕಡ ತೆರಿಗೆ ಸೇರಿ. ಹೆಚ್ಚುಕಡಿಮೆ ಎಂಟು ಸಾವಿರ ರೂಪಾಯಿ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಆಡಿದ ಮಾತನ್ನು ಈ ಸಭೆಯಲ್ಲಿ ಹೇಳುವುದು ಬೇಡ. ಮನೆಯೊಡತಿ ಕುಂಚವನ್ನು ಮಸಿಯಲ್ಲಿ ಅದ್ದಿ, ರಸೀದಿ ಯಾವ ಸಂಸ್ಥೆಯ ಹೆಸರಿಗೆ ಎಂದು ಕೇಳಿದರು. ಅಲ್ಲಿ ಅದು ರೂಢಿಯ ಪ್ರಶ್ನೆ. ಅಂಥ ಮನೆಗಳಲ್ಲಿ ಉಣ್ಣುವವರು ಬಹುಪಾಲು ಕಂಪನಿಯ ಖರ್ಚಿನಲ್ಲಿ ಉಣ್ಣುತ್ತಾರೆ. ನನ್ನ ಹೆಸರಿಗೇ ಎಂದೆ. ಅವರಿಗೆ ಕೂಡಲೆ ಅರ್ಥವಾಗಲಿಲ್ಲ, ದುಭಾಷಿಯವರತ್ತ ನೋಡಿದರು. ಆಮೇಲೆ ನಿಧಾನವಾಗಿ ಹೇಳಿ ಎಂದರು. ಒಂದೊಂದೇ ಅಕ್ಷರ ಹೇಳಿದೆ. ನನ್ನ ಹೆಸರಿನ ನಡುವೆ ಒಂದು ಳಕಾರವಿದೆ. ಇಲ್ಲಿನವರು ಅದನ್ನು ಲಕಾರ ಮಾಡಿ ಮೂವತ್ತು ವರ್ಷ ಕರೆದಿದ್ದಾರೆ. ಅವರ ಲಿಪಿಯಲ್ಲಿ ಎರಡೂ ಇಲ್ಲ, ರಕಾರವಾಯಿತು. ಆ ಚೀಟಿ ನನ್ನ ಬಳಿ ಇದೆ. ಸಭೆ ಮುಗಿದ ಮೇಲೆ ನೋಡಬೇಕೆನ್ನುವವರಿಗೆ ತೋರಿಸುತ್ತೇನೆ. ಉಪ್ಪಿಟ್ಟು ಆರುತ್ತಿದೆ.